ಕೆಜಾಯಳ ಮೊಟ್ಟೆನೆಲ

ಕೆಜಾಯ ನನ್ನ ಅತ್ತಿಗೆ, ಅಣ್ಣ ಲೇಮೆಕನ ಹೆಂಡತಿ. ಅವಳ ಬಗ್ಗೆ ಒಳ್ಳೆಯ ಮಾತಾಡುವ ಅಭ್ಯಾಸ ನನಗಿಲ್ಲ. ನಮ್ಮ ಮನೆಗೆ ಬಂದ ದಿನದಿಂದ ನಮ್ಮಿಬ್ಬರಿಗೆ ಎಣ್ಣೆ ಸೀಗೆಕಾಯಿ. ಬಂದ ದಿನ ಎಂದೆನಲ್ಲ, ಅದೇ ತಪ್ಪು. ಅವಳು ಬರಲೇ ಇಲ್ಲ. ಮದುವೆಯ ಊಟ ಮುಗಿದು ಹೆಣ್ಣನ್ನು ಕರೆದುಕೊಂಡು ಹೋಗಲು ನಾವು ದೋಣಿ ತಂದರೆ, "ನನ್ನ ನೆಲ ಆ ದೋಣೀಲಿ ಹಿಡಿಸೋದಾದ್ರೆ ನಾನೂ ಹತ್ತುತೀನಿ" ಎಂದಳು. ನನ್ನ ಅಣ್ಣನಿಗೆ ಬೆನ್ನುಮೂಳೆ ಅನ್ನುವುದು ಆಗಲೂ ಇರಲಿಲ್ಲ. ಚಾಪೆ ಸುತ್ತಿಕೊಂಡು, ಕೊಡಲಿ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ನಡೆದುಬಿಟ್ಟ. ಮಗನನ್ನು ಮೊಟ್ಟೆಗೆ ಮಾರಿಕೊಂಡೆ ಎಂದು ನಮ್ಮಮ್ಮ ಸಾಯುವವರೆಗೂ ಗೊಣಗುತ್ತಿದ್ದಳು.

ಆದರೆ ಮೊಟ್ಟೆ ಅಗೆಯುವ ಕೆಲಸದಲ್ಲಿ ನಮ್ಮ ಲೇಬಾ ದ್ವೀಪದಲ್ಲಿ ಅವಳ ಸಮಕ್ಕೆ ನಿಲ್ಲುವವರಿರಲಿಲ್ಲ. ಇದನ್ನು ನಾನು ಅವಳ ಎದುರಿಗೆ ಯಾವತ್ತೂ ಒಪ್ಪಿಕೊಂಡಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಲಾಪೆ ಹಕ್ಕಿಗೆ ಕಾವು ಕೂರುವ ತಾಳ್ಮೆಯಿಲ್ಲ. ಬೆಟ್ಟದ ಬುಡದಲ್ಲಿ ಮಣ್ಣು ಬಿಸಿಯಿರುವ ಕಡೆ ನಸುಕಿನಲ್ಲಿ ಬಂದು, ಆಳವಾಗಿ ಕೆದಕಿ, ತನ್ನ ಮೈಗೆ ಮೀರಿದ ದೊಡ್ಡ ಮೊಟ್ಟೆಯೊಂದನ್ನು ಹೂತು, ಹಿಂತಿರುಗಿ ನೋಡದೆ ಕಾಡಿಗೆ ಹೋಗುತ್ತದೆ. ಉಳಿದದ್ದು ನೆಲದ ಕೆಲಸ. ಮರಿ ಒಳಗೇ ಬೆಳೆದು, ರೆಕ್ಕೆಪುಕ್ಕ ಎಲ್ಲ ಬಲಿತು, ತಾನೇ ಮಣ್ಣು ಸೀಳಿಕೊಂಡು ಹೊರಗೆ ಬಂದು ಅದೇ ದಿನ ಹಾರುತ್ತದೆ. ನಾವು ಅಷ್ಟು ದಿನ ಬಿಟ್ಟರೆ ತಾನೇ! ಹಕ್ಕಿಗಳು ಹೋಗುವವರೆಗೆ ಮರಗಳ ಹಿಂದೆ ಉಸಿರು ಬಿಗಿಹಿಡಿದು ಕೂತು, ಆಮೇಲೆ ಅವರವರ ಕೋಲು ನೆಟ್ಟ ಜಾಗದಲ್ಲಿ ಅವರವರು ಅಗೆಯುತ್ತಾರೆ. ಹಕ್ಕಿಗೆ ಅಂತ ಒಂದು ಮೂಲೆಯನ್ನು ಮುಟ್ಟದೆ ಬಿಡುತ್ತಾರೆ.

ಕೆಜಾಯಳ ಜಾಗದ ಹೆಸರು ಕುಸಾ. ಅವಳ ಅಜ್ಜಿಯ ಅಜ್ಜಿಯಿಂದ ಬಂದದ್ದು. ಅಲ್ಲಿ ಅವಳು ಬಲಮಗ್ಗುಲಿಗೆ ಮಲಗಿ, ಕೆನ್ನೆಯನ್ನು ಮಣ್ಣಿಗೊತ್ತಿ, ಕಣ್ಣು ಮುಚ್ಚಿ, ತೋಳನ್ನು ಹೆಗಲಿನವರೆಗೆ ಒಳಗೆ ಇಳಿಸುತ್ತಿದ್ದಳು. ಆ ತೋಳು ಕೆಂಪಗೆ, ಒಂದು ರೋಮವಿಲ್ಲದೆ ನುಣ್ಣಗಿತ್ತು. ಬೇರೆಯವರು ಹತ್ತು ಗುಂಡಿ ತೋಡಿ ಮೂರು ಮೊಟ್ಟೆ ತೆಗೆದರೆ ಅವಳು ಮೂರೇ ಗುಂಡಿ ತೋಡುತ್ತಿದ್ದಳು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, "ನಿನಗೆ ಗಂಡ ಕುಡಿದು ಬಂದಿದ್ದು ಬಾಗಿಲಲ್ಲೇ ಗೊತ್ತಾಗಲ್ವಾ? ಹಂಗೇ" ಎನ್ನುವಳು. ನನ್ನ ಗಂಡನನ್ನು ಎಳೆದು ತರದೆ ಅವಳಿಗೆ ಯಾವ ಮಾತೂ ಮುಗಿಯುತ್ತಿರಲಿಲ್ಲ.

ನಮ್ಮಲ್ಲಿ ನೆಲ ತಾಯಿಯ ಬಳಿಯಲ್ಲಿ, ಅಂದರೆ ತಾಯಿಯ ಕುಲದಲ್ಲಿ ನಡೆಯುತ್ತದೆ, ತಾಯಿಯಿಂದ ಮಗಳಿಗೆ. ಆದರೆ ಮೊಟ್ಟೆನೆಲ ಬಾಯಿಮಾತಿಗೆ ಹೋಗುವುದಿಲ್ಲ. ಮಗಳಿಗೆ ಒಂದು ಹೆಣ್ಣುಮಗು ಹುಟ್ಟಿ, ಆ ಮಗು ಮೊಟ್ಟೆ ಹಿಡಿಯುವಷ್ಟಾದಾಗ ಅಜ್ಜಿ ಅದರ ಕೈಯನ್ನು ತನ್ನ ಕೈಯೊಳಗಿಟ್ಟು ನೆಲಕ್ಕೆ ಇಳಿಸಬೇಕು. ಮಗು ಮೊಟ್ಟೆ ತೆಗೆಯಬೇಕು. ಬಳಿಯವರ ಎದುರಿಗೆ ಅದನ್ನು ಒಡೆದು ಮಗು, ತಾಯಿ, ಅಜ್ಜಿ ಮೂವರ ನಾಲಿಗೆಗೂ ಹಚ್ಚಬೇಕು. ಇದಕ್ಕೆ ಕೈಯಿಡಿಸುವುದು ಎನ್ನುತ್ತೇವೆ. ಕೈಯಿಡಿಸದೆ ಅಜ್ಜಿ ಸತ್ತರೆ ನೆಲ ಬಳಿಯ ಎಲ್ಲರದಾಗುತ್ತದೆ, ಅಂದರೆ ಯಾರದೂ ಆಗದೆ ಹಾಳಾಗುತ್ತದೆ.

ಕೆಜಾಯಳಿಗೆ ಒಬ್ಬಳೇ ಮಗಳು, ರೋಸೀನಾ. ದೊಡ್ಡ ದ್ವೀಪಕ್ಕೆ ಕೊಟ್ಟಿತ್ತು. ಬಹಳ ವರ್ಷ ಅವಳ ಮಡಿಲು ತುಂಬಲಿಲ್ಲ. ಆಗ ಕೆಜಾಯ ಅಗೆಯುತ್ತ ಅಗೆಯುತ್ತ ಸುಮ್ಮನೆ ಕಣ್ಣೀರು ಹಾಕುತ್ತಿದ್ದುದನ್ನು ಲೇಮೆಕ ನೋಡಿದ್ದನಂತೆ. ಕಡೆಗೆ ಒಂದು ಹೆಣ್ಣು ಹುಟ್ಟಿತು. ಜೆಮೀಮಾ ಎಂದು ಹೆಸರಿಟ್ಟರು. ಅದು ನಡೆಯತೊಡಗಿದ ಮೇಲೆ, ಮುಂದಿನ ಕಾಡುಬಾದಾಮಿ ಸುಗ್ಗಿಗೆ ಕರೆತರುತ್ತೇನೆ, ಕೈಯಿಡಿಸಿಬಿಡು ಎಂದು ರೋಸೀನಾ ಫೋನಿನಲ್ಲಿ ಹೇಳಿದ ದಿನ ಕೆಜಾಯ ನನಗೂ ಒಂದು ಬುಟ್ಟಿ ಮೊಟ್ಟೆ ಕಳಿಸಿದಳು. ಅಷ್ಟು ಖುಷಿ ಅವಳಿಗೆ.

ನೆಲಕ್ಕೆ ಏನೋ ಆಗಿದ್ದು ಅದೇ ವರ್ಷ.

ಸಣ್ಣಪುಟ್ಟ ನಡುಕ ನಮಗೆ ಹೊಸದಲ್ಲ. ಲೇಬಾ ಬೆಟ್ಟವನ್ನು ನಾವು ಮುದುಕ ಎಂದೇ ಕರೆಯುವುದು. ಪಾತ್ರೆ ಅಲುಗಿದರೆ "ಮುದುಕ ಮಗ್ಗುಲು ಬದಲಾಯಿಸ್ದ" ಎಂದು ಕೆಲಸ ಮುಂದುವರಿಸುತ್ತೇವೆ. ಅವನ ತಲೆ ಯಾವ ಕಾಲದಲ್ಲೋ ಹಾರಿಹೋಗಿ ಈಗ ಅಲ್ಲಿ ಪಾಚಿ, ಮೋಡ, ಜಿಗಣೆ ಬಿಟ್ಟರೆ ಏನಿಲ್ಲ. ಅಲ್ಲಿ ಹೊಗೆ ಕಂಡವರು ನಮ್ಮ ಬಳಿಗಳ ಕತೆಗಳಲ್ಲಿಯೂ ಇಲ್ಲ. ಆದರೆ ಆ ವರ್ಷ ಅವನು ಮಗ್ಗುಲು ಬದಲಾಯಿಸುವುದನ್ನು ನಿಲ್ಲಿಸಲೇ ಇಲ್ಲ. ಊಟದ ನಡುವೆ, ಪ್ರಾರ್ಥನೆಯ ನಡುವೆ, ಅಡಿಕೆ ಬಾಯಿಗಿಟ್ಟು ಸುಣ್ಣ ತೆಗೆಯುವುದರೊಳಗೆ, ಯಾವಾಗ ಬೇಕಾದರೂ.

ದೊಡ್ಡದು ಬಂದದ್ದು ಬೆಳಿಗ್ಗೆ, ನಾವು ಹೆಂಗಸರು ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದಾಗ. ಮೊದಲು ನೀರು ನಡುಗಿತು. ಆಮೇಲೆ ನಿಂತ ಕಲ್ಲೇ ಕಾಲ ಕೆಳಗಿಂದ ಸರಿಯಿತು. ತೆಂಗಿನಮರಗಳು ತಲೆಗೆ ತಲೆ ಕೊಟ್ಟು ಬಡಿದುಕೊಂಡವು, ಇಗರ್ಜಿಯ ಗಂಟೆ ಯಾರೂ ಎಳೆಯದೆ ಬಾರಿಸಿಕೊಂಡಿತು. ಮುದುಕನ ಭುಜದಿಂದ ಒಂದು ದೊಡ್ಡ ಚೂರು ಕಳಚಿ ಕಾಡಿನ ಸಮೇತ ಕೆಳಗೆ ಜಾರಿದ್ದನ್ನು ನಾನು ಕಣ್ಣಾರೆ ಕಂಡೆ. ಓಡಬೇಕು ಅಂದರೆ ಎಲ್ಲಿಗೆ? ಮೇಲೆ ಬೆಟ್ಟ, ಕೆಳಗೆ ಸಮುದ್ರ. ನಾನು ಹಳ್ಳದಲ್ಲೇ ಕುಕ್ಕರಗಾಲಲ್ಲಿ ಕೂತು ಯಾರದೋ ಲುಂಗಿಯನ್ನು ಎದೆಗೆ ಅವುಚಿಕೊಂಡು ಕೂಗುತ್ತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಯಾರೂ ಸಾಯಲಿಲ್ಲ. ಶಾಲೆಯ ನೀರಿನ ತೊಟ್ಟಿ ಒಡೆಯಿತು, ಹಲವು ಅಡುಗೆಮನೆಗಳು ಮಲಗಿದವು, ಹಳ್ಳದ ನೀರು ಬಹಳ ದಿನ ಕೆಂಪಗೆ ಹರಿಯಿತು. ಮನೆಯೊಳಗೆ ಮಲಗುವ ಧೈರ್ಯ ಯಾರಿಗೂ ಇರಲಿಲ್ಲ. ಟಾರ್ಪಾಲಿನ ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಪ್ರತಿ ನಡುಕಕ್ಕೂ ದೇವರ ಹೆಸರು ಹೇಳುತ್ತಿದ್ದೆವು.

ಹೀಗಿರುವಾಗ ಒಂದು ದಿನ ಕೆಜಾಯ ನನ್ನ ಅಂಗಳಕ್ಕೆ ಬಂದಳು. ಅವಳಾಗಿ ಬಂದದ್ದು ಅದೇ ಮೊದಲು.

"ಟಬಿತಾ, ಏಳೇ. ನಿನ್ನ ಕೈ ಬೇಕು."

"ಯಾಕೆ, ನಿನ್ನ ಕೈಗೇನು ಬಂತು ದೊಡ್ರೋಗ?"

"ನಂದು ಸುಳ್ಳು ಹೇಳ್ತಿದೆ ಅನ್ಸುತ್ತೆ."

ತಮಾಷೆ ಮಾಡುವ ಮುಖವಲ್ಲ ಅದು. ಎದ್ದು ಹೋದೆ. ಕುಸಾದ ನಡುವೆ ಅವಳು ತೋಡಿದ ಗುಂಡಿಯಲ್ಲಿ ಮಲಗಿ ಕೈ ಇಳಿಸಿದೆ. ಹುಡುಗಿಯಾಗಿದ್ದಾಗ ಒಮ್ಮೆ ಪಂದ್ಯ ಕಟ್ಟಿ ಅಲ್ಲಿ ಕೈ ಹಾಕಿ ಬೊಬ್ಬೆ ಹೊಡೆದವಳು ನಾನು. ಈಗ ಹೆಗಲಿನವರೆಗೆ ಇಳಿಸಿದರೂ ಏನೂ ಆಗಲಿಲ್ಲ.

"ಬೆಚ್ಚಗಿದೆ" ಎಂದೆ.

"ಬೆಚ್ಚಗೆ ನನ್ನ ಕಂಕುಳೂ ಇರುತ್ತೆ. ಬಿಸಿ ಇದೆಯಾ ಹೇಳು."

ನಾನು ಸುಳ್ಳು ಹೇಳಬಹುದಿತ್ತು. "ಇಲ್ಲ ಕಣೇ" ಎಂದೆ.

ಅವಳು ಗುಂಡಿ ಮುಚ್ಚತೊಡಗಿದಳು. ಹಕ್ಕಿಯ ಕಾಲು ಹೂತುಹೋಗದ ಹಾಗೆ, ತಟ್ಟಿ ತಟ್ಟಿ, ಎಂದಿನ ಜೋಪಾನದಲ್ಲಿ.

ಹಕ್ಕಿಗಳು ದಿನದಿಂದ ದಿನಕ್ಕೆ ಕಡಿಮೆಯಾದವು. ಬಂದವು ಕೆದಕಿ, ಕೊಕ್ಕನ್ನು ಮಣ್ಣಿಗೆ ಚುಚ್ಚಿ ನೋಡಿ, ಮೊಟ್ಟೆಯಿಡದೆ ಎದ್ದು ಹೋಗುತ್ತಿದ್ದವು. ಎಲ್ಲಿಗೆ ಹೋಗುತ್ತಿವೆ ಎಂಬುದು ಬೇಗ ಗೊತ್ತಾಯಿತು. ತುವಾಕ್ಕೆ. ತುವಾ ಅಂದರೆ ನಮ್ಮ ಬಳಿಯ ಜಾಗ, ಪಶ್ಚಿಮದ ಮೂಲೆಯಲ್ಲಿ. ಏಡಿ ಮತ್ತು ಮುಳ್ಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಹಂದಿ ಕೂಡ ಮೂಸುತ್ತಿರಲಿಲ್ಲ. ದೊಡ್ಡ ನಡುಕದ ಮೇಲೆ ಅಲ್ಲಿನ ಮುಳ್ಳುಗಿಡಗಳು ಬೇರು ಬೆಂದು ಎಲೆ ಉದುರಿಸಿದವು. ಮಣ್ಣು ಮುಟ್ಟಿದರೆ ಕೈ ಸುಡುತ್ತಿತ್ತು. ನಮ್ಮವರು ಕುಣಿಯುತ್ತ ಕೋಲು ನೆಟ್ಟು ಪಾಲು ಹಂಚಿಕೊಂಡರು. ನನ್ನ ಪಾಲಿಗೂ ಒಂದು ಒಳ್ಳೆಯ ತುಂಡು ಬಂತು. ಬೆವರು ಹರಿಸದೆ ಬಂದ ಭಾಗ್ಯ. ಖುಷಿಯಾಗಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಖುಷಿಯೂ ಆಯಿತು, ಅದನ್ನು ಮುಖದಲ್ಲಿಟ್ಟುಕೊಂಡು ಕೆಜಾಯಳ ಮನೆ ಮುಂದೆ ಹಾಯಲು ಕಾಲೂ ಬರಲಿಲ್ಲ.

ರಾಜಧಾನಿಯ ಭೂಕಂಪದ ಕಚೇರಿಯಿಂದ ಒಬ್ಬ ಹುಡುಗ ಬಂದ. ಗಿಡಿಯೋನ್ ಅಂತ, ಸಾಧು ಪ್ರಾಣಿ. ಶಾಲೆಯ ಅಂಗಳದಲ್ಲಿ ಒಂದು ಪೆಟ್ಟಿಗೆ ಹೂತು, ಊರವರನ್ನೆಲ್ಲ ಕೂರಿಸಿ, ಹೆದರಬೇಡಿ, ಬೆಟ್ಟ ಬೆಂಕಿ ಕಾರುವುದಿಲ್ಲ, ಅದು ಸತ್ತು ಲಕ್ಷಾಂತರ ವರ್ಷವಾಯಿತು, ಈ ನಡುಕ ಸಮುದ್ರದ ತಳದ್ದು ಎಂದು ಹೇಳಿದ. ಕೆಜಾಯ ಹಿಂದಿನಿಂದ ಎದ್ದು ನಿಂತಳು.

"ಸತ್ತಿದೆ ಅಂತೀಯಲ್ಲಪ್ಪ, ಹಂಗಾದ್ರೆ ನನ್ನ ನೆಲಾನ ಇಷ್ಟು ಕಾಲ ಬಿಸಿ ಮಾಡ್ತಿದ್ದೋರು ಯಾರು? ನಿಮ್ಮಜ್ಜಿನಾ?"

ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ. ಸತ್ತ ಬೆಟ್ಟದ ಆಳದಲ್ಲೂ ಶಾಖ ಉಳಿದಿರುತ್ತದೆ, ಮಳೆಯ ನೀರು ಬಿರುಕಿನಲ್ಲಿ ಇಳಿದು ಕಾಯ್ದು ಮೇಲೆ ಬರುತ್ತದೆ, ನೆಲ ನಡುಗಿದಾಗ ಒಂದು ಬಿರುಕು ಮುಚ್ಚಿ ಇನ್ನೊಂದು ತೆರೆದುಕೊಳ್ಳುತ್ತದೆ ಎಂದು ಸಾವಕಾಶವಾಗಿ ತಿಳಿಸಿದ.

"ಮುಚ್ಚಿದ್ದು ತೆರೆಯುತ್ತಾ?"

"ಇನ್ನೊಂದು ದೊಡ್ಡದು ಬಂದ್ರೆ ತೆರೀಬಹುದು ಆಂಟಿ. ತೆರೀದೇನೂ ಇರಬಹುದು."

"ಯಾವಾಗ ಬರುತ್ತೆ?"

"ಅದು ಯಾರಿಗೂ ಗೊತ್ತಾಗಲ್ಲ. ನನ್ನ ಪೆಟ್ಟಿಗೆ ಬಂದ ಮೇಲೆ ಹೇಳುತ್ತೆ ಅಷ್ಟೇ."

"ಬಂದ ಮೇಲೆ ಹೇಳೋಕೆ ನಮ್ಮ ನಾಯಿ ಸಾಕು" ಎಂದು ಅವಳು ಕೂತಳು. ಆ ಹುಡುಗನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಅವನೂ ನಮ್ಮ ಹಾಗೇ ಕೈ ಕಟ್ಟಿ ಕೂತವನು.

ಆವತ್ತಿನಿಂದ ಶುರುವಾಯಿತು ನೋಡಿ. ಇಡೀ ದ್ವೀಪ ನಡುಕ ನಿಲ್ಲಲಿ ಎಂದು ಮೊಣಕಾಲೂರಿ ಬೇಡುತ್ತಿತ್ತು, ಕೆಜಾಯ ಒಬ್ಬಳು ಇನ್ನೊಂದು ಬರಲಿ ಎಂದು ಕಾಯುತ್ತಿದ್ದಳು. ನೆಲ ಅಲುಗಿದರೆ ನಾವು ಮಕ್ಕಳನ್ನೆತ್ತಿಕೊಂಡು ಬಯಲಿಗೆ ಓಡುತ್ತಿದ್ದೆವು. ಅವಳು ಕುಸಾಕ್ಕೆ ಓಡಿ ಮಲಗಿ ಕೈ ಇಳಿಸುತ್ತಿದ್ದಳು. ಇಗರ್ಜಿಯಲ್ಲಿ ಪಾದ್ರಿ "ಈ ನಡುಕ ನಮ್ಮಿಂದ ದೂರವಾಗಲಿ" ಎಂದಾಗ ಎಲ್ಲರೂ ಆಮೆನ್ ಎಂದರು, ಅವಳು ತುಟಿ ಬಿಗಿದು ಕೂತಳು. ಕೆಜಾಯಳ ಬಳಿಯವಳೇ ಆದ ನೆಸ್ಟಾ ಹೊರಗೆ ಬಂದದ್ದೇ ತಡ ಅವಳನ್ನು ತಡೆದಳು.

"ಏನೇ ಕೆಜಾಯ, ನಾಲಿಗೆ ಸೇದಿಹೋಯ್ತಾ? ಅಡುಗೆಮನೆ ನಂದು ಬಿದ್ದಿದ್ದು, ಮಕ್ಕಳು ನನ್ನವು ಜ್ವರ ಬಂದು ಬಯಲಲ್ಲಿ ಮಲಗಿರೋದು. ನಿನ್ನ ನಾಕು ಮೊಟ್ಟೆಗೆ ಊರು ಮುಳುಗಬೇಕಾ?"

ನಾಲಿಗೆಯ ಮೊನೆಯಲ್ಲಿ ಯಾವಾಗಲೂ ಉತ್ತರವಿಟ್ಟುಕೊಂಡಿರುವ ಕೆಜಾಯ ತಲೆ ತಗ್ಗಿಸಿ ನಡೆದಳು. ನೆಸ್ಟಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ನೆಸ್ಟಾಳ ಜುಟ್ಟು ಹಿಡಿಯಬೇಕೆನ್ನಿಸಿತು. ನನ್ನ ಅತ್ತಿಗೆಯನ್ನು ಬಯ್ಯುವ ಹಕ್ಕು ನನ್ನದು.

ಸಂಜೆ ಅವಳ ಮನೆಗೆ ಹೋಗಿ ನೇರವಾಗಿ ಹೇಳಿದೆ. "ನೋಡು, ತುವಾದಲ್ಲಿ ನನ್ನ ಪಾಲಿದೆ. ಮಗೂನ ಅಲ್ಲಿಗೆ ಕರ್ಕೊಂಡು ಬಾ. ಒಂದು ಮೊಟ್ಟೆ ತೆಗೆಸೋಣ."

"ತೆಗೆಸಿ?"

"ತೆಗೆಸಿ ಅಂದ್ರೆ? ಕೈಯಿಡಿಸಿದ ಹಾಗಾಗುತ್ತೆ."

"ನಿಮ್ಮ ಬಳಿ ನೆಲ ನನ್ನ ಮೊಮ್ಮಗಳಿಗೆ ಕೊಡ್ತೀರಾ?"

ಕೊಡಲು ನಾನು ಯಾರು? ಬಳಿಯ ನೆಲವನ್ನು ಬಳಿ ಬಿಟ್ಟು ಹೊರಗೆ ಕೊಟ್ಟ ಉದಾಹರಣೆಯೇ ನಮ್ಮಲ್ಲಿಲ್ಲ.

"ಹಂಗಾದ್ರೆ ಸುಮ್ನೆ ಹೋಗು. ದಾನ ಮಾಡೋಳು ಬಂದ್ಲು" ಎಂದಳು. ಲೇಮೆಕ ಮೂಲೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದವನು ಕತ್ತೆತ್ತಲಿಲ್ಲ.

ಸುಗ್ಗಿ ಹತ್ತಿರವಾಯಿತು. ಹಡಗು ಹತ್ತುವ ವಾರವನ್ನೂ ರೋಸೀನಾ ಫೋನಿನಲ್ಲಿ ತಿಳಿಸಿದಳು. ತಾಯಿ ಮಗಳಿಗೆ ನೆಲ ತಣ್ಣಗಾದ ವಿಷಯ ಹೇಳಿರಲಿಲ್ಲ. ಮಾರನೆಯ ಸಂಜೆ ಕುಸಾದ ಕಡೆಯಿಂದ ಹೊಗೆ ಏಳುವುದು ಕಂಡು ಓಡಿದೆ. ಗಂಡ ಹೆಂಡತಿ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು. ಹಬ್ಬದ ಹಂದಿ ಬೇಯಿಸುವಾಗ ಮಾಡುತ್ತೇವಲ್ಲ, ಹಾಗೆ ಸೌದೆ ಪೇರಿಸಿ ಹಳ್ಳದ ಉರುಟು ಕಲ್ಲುಗಳನ್ನು ಕೆಂಪಗೆ ಕಾಯಿಸುತ್ತಿದ್ದರು. ಕಾದವುಗಳನ್ನು ಬಿದಿರಿನ ಇಕ್ಕಳದಲ್ಲಿ ಹಿಡಿದು ಕುಸಾದ ಗುಂಡಿಗಳೊಳಗೆ ಇಳಿಸಿ ಮೇಲೆ ಮಣ್ಣು ಎಳೆಯುತ್ತಿದ್ದರು.

"ಏನೇ ಇದು? ಯಾರನ್ನ ಬೇಯಿಸ್ತಿದ್ದೀರ?"

"ನಿನ್ನನ್ನ. ಬಾ, ಇಳಿ."

"ಹಕ್ಕಿಗೆ ಅಷ್ಟೂ ಬುದ್ಧಿ ಇಲ್ಲ ಅಂದ್ಕೊಂಡ್ಯಾ?"

"ಹಕ್ಕಿಗೆ ಬೇಕಿರೋದು ಬಿಸಿ. ಅದು ಕೆಳಗಿಂದ ಬಂತೋ ಕೆಜಾಯಳ ಒಲೆಯಿಂದ ಬಂತೋ ಅಂತ ಅದೇನು ಕೇಳುತ್ತಾ? ಕಲ್ಲೊಲೆ ಹಾಕಿ ಹಾಕಿ ಈ ಕೈ ಸವೆದಿದೆ. ಎಷ್ಟು ಕಲ್ಲಿಗೆ ಎಷ್ಟು ಬಿಸಿ ಅನ್ನೋದು ನನಗೆ ಹೇಳ್ಕೊಡಬೇಡ."

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಅವರಿಬ್ಬರೂ ನಗದೆ ಕಲ್ಲು ಹೊರುವುದನ್ನು ನೋಡಿ, ಲುಂಗಿ ಮೇಲಕ್ಕೆ ಕಟ್ಟಿ, ಹಳ್ಳಕ್ಕಿಳಿದು ನಾನೂ ಕಲ್ಲು ಹೊತ್ತೆ. ಪ್ರತಿ ಸಂಜೆ ಹೊತ್ತೆ. ಊರವರು "ಕೆಜಾಯಳಿಗೆ ಹಿಡಿದಿದ್ದು ನಾದಿನಿಗೂ ಅಂಟ್ಕೊಂತು" ಎಂದರು. ಅನ್ನಲಿ.

ಮತ್ತು ಹಕ್ಕಿ ಬಂತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ನಸುಕಿನಲ್ಲಿ ಮರದ ಹಿಂದೆ ಕೂತಿದ್ದೆವು. ಒಂದು ಜೋಡಿ ಇಳಿದು ಬಂದು ಅಲ್ಲಿ ಇಲ್ಲಿ ಕೊಕ್ಕು ಚುಚ್ಚಿ, ಒಂದು ಕಡೆ ನಿಂತು, ಕೆದಕಲು ಶುರುಮಾಡಿತು. ಮಣ್ಣು ಹಿಂದಕ್ಕೆ ಹಾರುತ್ತಿತ್ತು. ಕೆಜಾಯ ನನ್ನ ಮಣಿಕಟ್ಟನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದಳು. ನೋವಾದರೂ ಬಿಡಿಸಿಕೊಳ್ಳಲಿಲ್ಲ. ಮುಂದಿನ ದಿನಗಳಲ್ಲಿ ಇನ್ನೆರಡು ಜೋಡಿ ಬಂದವು. ಒಟ್ಟು ಆರೋ ಏಳೋ ಮೊಟ್ಟೆ ಬಿದ್ದವು. ಅವಳು ಒಂದನ್ನೂ ತೆಗೆಯಲಿಲ್ಲ. ಮಗು ಬಂದು ತೆಗೆಯಲಿ ಎಂದಳು. ಆ ಕೆಲವು ದಿನ ಅವಳು ನನಗೆ ಒಂದೂ ಕೆಟ್ಟ ಮಾತಾಡಲಿಲ್ಲ. ನನಗೇ ಬೇಜಾರಾಗಿ ನಾನೇ ಕೆಣಕಿದೆ, ಆದರೂ ನಕ್ಕಳು.

ಹಡಗು ಬರಲಿಲ್ಲ. ಎಂಜಿನ್ ಕೆಟ್ಟಿದೆ ಎಂದರು. ಆಮೇಲೆ ನಡುಕಕ್ಕೆ ನಮ್ಮ ಹಡಗುಕಟ್ಟೆಯ ಕಂಬ ವಾಲಿದೆ, ರಿಪೇರಿಯಾಗದೆ ಹಡಗು ಹಚ್ಚುವುದಿಲ್ಲ ಎಂದರು. ವಾರಗಳು ಉರುಳಿದವು. ಹಕ್ಕಿಗಳು ಮತ್ತೆ ತುವಾಕ್ಕೆ ತಿರುಗಿಕೊಂಡವು. ಕುಸಾದಲ್ಲಿ ಇದ್ದದ್ದು ಆ ಮೊದಲಿನ ಮೊಟ್ಟೆಗಳಷ್ಟೇ. ಅವು ತಣ್ಣಗಾಗದಂತೆ ಕೆಜಾಯ ಸಂಜೆ ಸಂಜೆ ಕಲ್ಲು ಇಳಿಸುತ್ತಲೇ ಇದ್ದಳು.

"ಇಷ್ಟು ಹೊತ್ತಿಗೆ ಒಳಗೆ ಮರಿಯಾಗಿರುತ್ತಲ್ಲೇ" ಎಂದೆ.

"ಆಗಲಿ. ನಮ್ಮಜ್ಜಿ ನನ್ನ ಕೈಯಿಡಿಸಿದಾಗ ಬಂದಿದ್ದೂ ಮರಿನೇ. ಚಿಪ್ಪು ಒಡೆದು ಕೈಮೇಲೇ ನಿಂತು ಹಾರಿತಂತೆ. ಉಳಿದ ಲೋಳೆಯನ್ನೇ ನಾಲಿಗೆಗೆ ಹಚ್ಚಿದ್ರಂತೆ. ಜೀವ ಇದ್ರೆ ಸಾಕು, ಯಾರೂ ತಕರಾರು ಮಾಡಂಗಿಲ್ಲ."

ಹಡಗು ಹೊರಟಿದೆ ಎಂದು ಸುದ್ದಿ ಬಂದ ದಿನ ಮಧ್ಯಾಹ್ನದಿಂದ ಜೋರು ಮಳೆ ಹೊಡೆಯಿತು. ನೀರು ಇಳಿದು ಮೊಟ್ಟೆ ತಣ್ಣಗಾದರೆ ಎಲ್ಲ ಮುಗಿಯಿತು ಎಂದು ಕೆಜಾಯಳಿಗೆ ಗಾಬರಿ. ಅಡುಗೆಮನೆಯೊಳಗೇ ಬೆಂಕಿ ಹಾಕಿ ಕಾಯಿಸಿ ಆ ಸಂಜೆ ದುಪ್ಪಟ್ಟು ಕಲ್ಲು ಇಳಿಸಿದಳು. ಜಾಸ್ತಿಯಾಯಿತೇನೋ ಎಂದು ಲೇಮೆಕ ಒಂದು ಸಲ ಅಂದ. ಜೀವಮಾನದಲ್ಲಿ ಅವನು ಹೆಂಡತಿಗೆ ಎದುರು ಹೇಳಿದ್ದು ಅದೊಂದೇ ಸಲವಿರಬೇಕು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಕಲ್ಲು ಎತ್ತಿಕೊಟ್ಟೆ. ಮಳೆಗೆ ನೆಲವೆಲ್ಲ ಹಬೆಯಾಡುತ್ತಿತ್ತು. ನೋಡಲು ಹಳೆಯ ಕುಸಾದ ಹಾಗೇ ಕಂಡಿತು.

ರೋಸೀನಾ ಇಳಿದಳು. ಮಗು ಗುಂಡುಗುಂಡಗೆ, ಅಪರಿಚಿತರನ್ನು ಕಂಡರೆ ಹುಬ್ಬು ಗಂಟಿಕ್ಕುವ ಜಾತಿ, ಥೇಟು ಅಜ್ಜಿ. ಎರಡು ದಿನ ಬಿಟ್ಟು ಬಳಿಯವರೆಲ್ಲ ಕುಸಾದ ಅಂಚಿನಲ್ಲಿ ಸೇರಿದರು. ನೆಸ್ಟಾ ಕೂಡ ಮರಗೆಣಸಿನ ಕಡುಬು ಮಾಡಿ ತಂದಿದ್ದಳು. ಕೈಯಿಡಿಸುವಾಗ ಬೇರೆ ಬಳಿಯವರು ಒಳಗಿರುವಂತಿಲ್ಲ, ನಾನು ಗಡಿಯ ಕೋಲಿನ ಹೊರಗೆ ನಿಂತೆ.

ಕೆಜಾಯ ಮಗುವನ್ನು ಎದೆಗೊತ್ತಿಕೊಂಡು ಮಲಗಿದಳು. ಮೊದಲೇ ತೋಡಿ ಸಡಿಲಿಸಿದ್ದ ಗುಂಡಿಯಲ್ಲಿ ದೊಡ್ಡ ಕೈಯೊಳಗೆ ಪುಟ್ಟ ಕೈ ಇಳಿಯಿತು. ಮಗು ಮೊದಲು ಹೆದರಿ ಆಮೇಲೆ ಕಿಲಕಿಲ ನಕ್ಕಿತು. ಮೇಲೆ ಬಂದಾಗ ಎರಡೂ ಕೈಯಲ್ಲಿ ಇಟ್ಟಿಗೆ ಬಣ್ಣದ ಮೊಟ್ಟೆಯಿತ್ತು. ಹೆಂಗಸರು ಕೇಕೆ ಹಾಕಿದರು, ಗಂಡಸರು ಚಪ್ಪಾಳೆ ತಟ್ಟಿದರು. ರೋಸೀನಾ ಅಳುತ್ತಿದ್ದಳು. ಬಳಿಯ ಹಿರಿಯ ಅಬ್ನೇರ ತೆಂಗಿನ ಚಿಪ್ಪು ಹಿಡಿದ. ಕೆಜಾಯ ಮೊಟ್ಟೆಯನ್ನು ಅದರ ಅಂಚಿಗೆ ತಟ್ಟಿದಳು.

ಒಳಗೆ ಮರಿಯಿತ್ತು. ಪುಕ್ಕ ಬಲಿತು, ರೆಕ್ಕೆ ಮಡಚಿಕೊಂಡು, ಕಾಲು ಎದೆಗೆಳೆದುಕೊಂಡು, ಇನ್ನೇನು ನಾಲ್ಕು ದಿನಕ್ಕೆ ಹೊರಬರಬೇಕಾಗಿದ್ದ ಮರಿ. ಬೆಂದುಹೋಗಿತ್ತು. ಬೆಂದ ಮಾಂಸದ ವಾಸನೆ ನಾನು ನಿಂತಲ್ಲಿಗೂ ಬಂತು.

ಕೆಜಾಯ ಮತ್ತೆ ಮಲಗಿ ಇನ್ನೊಂದು ತೆಗೆದಳು, ಒಡೆದಳು. ಅದೂ ಹಾಗೇ. ಮೂರನೆಯದು. ನಾಲ್ಕನೆಯದು. ಆಮೇಲೆ ಎರಡೂ ಕೈಯಿಂದ ಮಣ್ಣು ಬಾಚಿ ಬಾಚಿ ಹಾಕತೊಡಗಿದಳು. ಮಧ್ಯೆ ಸಿಕ್ಕಿದ ಕಲ್ಲುಗಳನ್ನು ಅತ್ತ ಇತ್ತ ಎಸೆದಳು. ರೋಸೀನಾ "ಸಾಕಮ್ಮ, ಸಾಕು" ಎಂದು ಭುಜ ಹಿಡಿದಳು. ಎಲ್ಲ ಮರಿಗಳೂ ಸಾಲಾಗಿ ಬಾಳೆಲೆಯ ಮೇಲೆ ಬಿದ್ದಿದ್ದವು, ಮಗು ಬಗ್ಗಿ ಒಂದರ ಪುಕ್ಕ ಸವರುತ್ತಿತ್ತು.

"ಸತ್ತ ಮೊಟ್ಟೆ ಆಗಲ್ಲ ಕೆಜಾಯ" ಎಂದ ಅಬ್ನೇರ, ಬಹಳ ಮೆತ್ತಗೆ. "ಮುಂದಿನ ಸುಗ್ಗಿಗೆ ನೋಡೋಣ."

ಮುಂದಿನ ಸುಗ್ಗಿಗೆ ಏನಿರುತ್ತದೆ ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಜನ ಒಬ್ಬೊಬ್ಬರೇ ಎದ್ದು ಹೋದರು. ನೆಸ್ಟಾ ಕಡುಬಿನ ಎಲೆ ಬಿಚ್ಚದೆ ಅಲ್ಲೇ ಇಟ್ಟು, ಏನೂ ಅನ್ನದೆ ಹೋದಳು. ಅವಳು ಬಾಯಿಗೆ ಬಂದ ಹಾಗೆ ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಹಡಗು ಮರಳುವ ದಿನದ ಬೆಳಿಗ್ಗೆ ನಾನು ತುವಾದಲ್ಲಿ ಅಗೆಯಲು ಕೂತಿದ್ದೆ. ಹಕ್ಕಿಗಳು ಆಗಷ್ಟೇ ಎದ್ದುಹೋಗಿದ್ದವು. ತಲೆಯೆತ್ತಿದರೆ ಕೋಲುಗಳ ಆಚೆ ಕೆಜಾಯ ನಿಂತಿದ್ದಾಳೆ. ಪಕ್ಕದಲ್ಲಿ ರೋಸೀನಾ, ಸೊಂಟದ ಮೇಲೆ ಮಗು.

"ಬಾರೇ ಒಳಗೆ, ನಿಂತಿದ್ದೀಯಲ್ಲ" ಎಂದೆ.

ಅವಳು ಬರಲಿಲ್ಲ. ಎರಡೂ ಕೈಯನ್ನು ಮುಂದೆ ಜೋಡಿಸಿಟ್ಟುಕೊಂಡು, ಪರಊರ ಪರಬಳಿಯ ಜನ ಕೇಳುವ ಹಾಗೆ ಕೇಳಿದಳು. "ನೆಲದ ತಾಯಿ, ನಮಗೆ ನೆಲ ಇಲ್ಲ. ನಿಮ್ಮ ನೆಲದಲ್ಲಿ ಕೈ ಹಾಕಬಹುದಾ?"

ಆ ಮಾತನ್ನು ಅವಳ ಬಾಯಲ್ಲಿ ಕೇಳುವ ಬದಲು ನಾನು ಕಿವುಡಿಯಾಗಿದ್ದರೆ ಆಗುತ್ತಿತ್ತು. "ಒಳಗೆ ಬಾರೇ ಮೂದೇವಿ" ಎಂದು ಬಯ್ಯಲು ಬಾಯಿ ತೆರೆದೆ. ಬಯ್ಯುವ ಹಾಗಿಲ್ಲ. ಆ ಮಾತಿಗೆ ಒಂದೇ ಉತ್ತರವಿರುವುದು.

"ಹಾಕಬಹುದು" ಎಂದೆ.

"ಹಕ್ಕು ಕೇಳೋಕಲ್ಲ ಟಬಿತಾ. ಮಗು ಒಂದು ಸಲ ಬಿಸಿ ಮುಟ್ಟಲಿ ಅಂತ. ನಮ್ಮೋರು ಏನು ಮಾಡ್ತಿದ್ರು ಅಂತ ಕೈಗಾದ್ರೂ ಗೊತ್ತಿರಲಿ."

ಮಲಗಿದಳು. ಕೆನ್ನೆ ಒತ್ತಿದಳು, ಕಣ್ಣು ಮುಚ್ಚಿದಳು. ಅಲ್ಲಿ ಅವಳು ಹಿಂದೆ ಒಂದು ಸಲವೂ ಅಗೆದಿರಲಿಲ್ಲ, ಆದರೂ ಮೊದಲ ಗುಂಡಿಯಲ್ಲೇ ಸಿಕ್ಕಿತು. ಮಗು ಬಿಸಿಗೆ "ಹಾ ಹಾ" ಎನ್ನುತ್ತ ಮೊಟ್ಟೆಯನ್ನು ಎಳೆದು ತೆಗೆದು, ಹೊಟ್ಟೆಗೆ ಅವುಚಿಕೊಂಡು, ಯಾರಿಗೂ ಕೊಡುವುದಿಲ್ಲ ಎಂಬ ಹಾಗೆ ತಿರುಗಿ ನಿಂತಿತು.

ಬೇರೆಯವರ ನೆಲದಲ್ಲಿ ಅಗೆದವರು ಮೊದಲ ಮೊಟ್ಟೆಯನ್ನು ನೆಲದವರಿಗೆ ಕೊಡಬೇಕು. ಬೇಡ ಎಂದರೆ ಕೊಟ್ಟವರಿಗೆ ಅವಮಾನ. ಕೆಜಾಯ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಗು ಚೀರಿ ಅಳತೊಡಗಿತು. ಅವಳು ಮೊಟ್ಟೆಯ ಮಣ್ಣನ್ನು ತನ್ನ ಲುಂಗಿಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

"ತಗೋ" ಎಂದಳು.

ನಾನು ತೆಗೆದುಕೊಂಡೆ. ಮಗು ಅಜ್ಜಿಯ ಕಾಲು ಹಿಡಿದು, ನನ್ನ ಕೈಯನ್ನೇ ನೋಡುತ್ತ ಅಳುತ್ತಿತ್ತು.